ತವರಿನಲ್ಲಿ ಸಾಧು, ಪರವೂರಿನಲ್ಲಿ ಪುಂಡ

ಹಿಂದಿನ ಸಂಚಿಕೆಯಲ್ಲಿ ವಾಟರ್ ಹಯಸಿಂತ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಮೆಜಾನ್ ಕಡೆಯ ಗಿಡ, ಹೂ ಚೆಂದ ಅಂತ ಜನ ದೇಶ ದೇಶಕ್ಕೆ ಒಯ್ದರು, ಈಗ ಕೆರೆಗಳ ಮೇಲೆ ಹಸಿರು ಚಾಪೆ ಹಾಸಿದ ಹಾಗೆ ಕೂತಿದೆ ಅಂತ. ಅಷ್ಟಕ್ಕೇ ಪತ್ರಗಳ ರಾಶಿ. ಹೆಚ್ಚಿನವರ ಕುತೂಹಲ ಒಂದೇ: ಹೊರಗಿನಿಂದ ಬಂದ ಗಿಡ ಹೊಸ ಜಾಗದಲ್ಲಿ ಹೀಗೆ ಹಬ್ಬುವುದು ಯಾಕೆ? ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು, ಗಂಟೆ ಹೊಡೆಯುವವರೆಗೆ ಮಾತಾಡುವ ಚಾಳಿ ಹೋಗಿಲ್ಲ. ಇಲ್ಲಿ ಗಂಟೆ ಹೊಡೆಯುವವರು ಸಂಪಾದಕರು.

ಪ್ರಶ್ನೆ: ಮೇಡಂ, ಹೊರಗಿನ ಗಿಡಗಳೆಲ್ಲ ಯಾಕೆ ಇಷ್ಟು ಜೋರಾಗಿ ಹಬ್ಬುತ್ತವೆ? ಅವುಗಳಿಗೆ ಏನಾದರೂ ವಿಶೇಷ ಶಕ್ತಿ ಇದೆಯಾ?
— ಪದವಿ ವಿದ್ಯಾರ್ಥಿನಿ

ಮೊದಲು ಆ ‘ಎಲ್ಲ’ ಅನ್ನೋ ಮಾತನ್ನು ತೆಗೆದುಬಿಡೋಣ. ಹೊರಗಿನಿಂದ ಬರುವ ಗಿಡಗಳಲ್ಲಿ ಹೆಚ್ಚಿನವು ಸಾಯುತ್ತವೆ. ಸತ್ತದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಸ್ಕಾಟ್ಲೆಂಡಿನ ಟ್ವೀಡ್ ನದಿಯ ಕಥೆ ಕೇಳಿ. ಅಲ್ಲಿನ ಉಣ್ಣೆ ಗಿರಣಿಗಳಿಗೆ ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ, ದಕ್ಷಿಣ ಆಫ್ರಿಕಾಗಳಿಂದ ಕುರಿಯ ಉಣ್ಣೆ ಬರುತ್ತಿತ್ತು. ಉಣ್ಣೆಗೆ ಸಿಕ್ಕಿಕೊಂಡ ಬೀಜಗಳೂ ಜೊತೆಗೆ ಬರುತ್ತಿದ್ದವು. ಉಣ್ಣೆ ತೊಳೆದ ನೀರು ನದಿಗೆ ಹೋಗುತ್ತಿತ್ತು, ಬೀಜ ದಂಡೆಯ ಮರಳಿನಲ್ಲಿ ತಂಗುತ್ತಿತ್ತು. ಐಡಾ ಹೇವರ್ಡ್ ಎಂಬ ಮಹಿಳೆ ವರ್ಷಗಟ್ಟಲೆ ಆ ದಂಡೆ ಅಲೆದು ಗಿಡ ಕೂಡಿಸಿದರು. ಜಾರ್ಜ್ ಕ್ಲಾರಿಡ್ಜ್ ಡ್ರೂಸ್ ಎಂಬ ಸಸ್ಯತಜ್ಞರ ಜೊತೆ ಸೇರಿ 1919ರಲ್ಲಿ ಪಟ್ಟಿ ಅಚ್ಚು ಹಾಕಿಸಿದರು. 348 ಜಾತಿ! ಒಂದು ನದಿದಂಡೆಯಲ್ಲಿ ಅರ್ಧ ಪ್ರಪಂಚ. ಆದರೆ ಹೆಚ್ಚಿನವು ಒಂದೆರಡು ಬೇಸಿಗೆ ತಲೆಯೆತ್ತಿ, ಚಳಿಗೆ ಮುದುಡಿ ಹೋದವು. ಬೀಜ ಕಟ್ಟುವಷ್ಟು ಬಿಸಿಲೇ ಅವಕ್ಕೆ ಸಿಗಲಿಲ್ಲ.

ಬ್ರಿಟನ್ನಿನ ಜೀವವಿಜ್ಞಾನಿ ಮಾರ್ಕ್ ವಿಲಿಯಮ್ಸನ್ ಇದಕ್ಕೊಂದು ಒರಟು ಲೆಕ್ಕ ಕೊಟ್ಟಿದ್ದಾರೆ. ಹೊರಗಿನಿಂದ ತಂದ ಹತ್ತರಲ್ಲಿ ಒಂದು ಬೇಲಿ ದಾಟುತ್ತದೆ. ಹಾಗೆ ದಾಟಿದ ಹತ್ತರಲ್ಲಿ ಒಂದು ನೆಲೆ ನಿಲ್ಲುತ್ತದೆ. ನೆಲೆ ನಿಂತ ಹತ್ತರಲ್ಲಿ ಒಂದು ತಲೆನೋವಾಗುತ್ತದೆ. ಅಂದರೆ ಸಾವಿರಕ್ಕೆ ಒಂದು. ಇದು ಅಂದಾಜು, ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ. ಆದರೂ ಮನಸ್ಸಿನಲ್ಲಿಟ್ಟುಕೊಳ್ಳಲು ಒಳ್ಳೆಯದು. ಇನ್ನೊಂದು ಕಡೆಯಿಂದಲೂ ನೋಡಿ. ಜಗತ್ತಿನ ಪಟ್ಟಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಎಣಿಸಿದಾಗ, ತವರು ಬಿಟ್ಟು ಬೇರೆಡೆ ಬೇರೂರಿದ ಸಸ್ಯ ಜಾತಿಗಳು 13,168 ಸಿಕ್ಕವು. ಸಾವಿರಕ್ಕೆ ಒಂದೇ ಆದರೂ ನಾವು ಸಾಗಿಸಿದ ಸಾವಿರಗಳು ಕಡಿಮೆ ಇಲ್ಲವಲ್ಲ.

ಪ್ರಶ್ನೆ: ಒಂದು ಗಿಡ ತನ್ನ ತವರಿನಲ್ಲಿ ಮೂಲೆಯಲ್ಲಿ ಸುಮ್ಮನಿರುತ್ತದೆ. ಅದೇ ಗಿಡ ಬೇರೆ ಖಂಡದಲ್ಲಿ ಹುಚ್ಚೆದ್ದು ಬೆಳೆಯುತ್ತದೆ. ಗಿಡವೇ ಬದಲಾಗುತ್ತದೆಯೋ, ನೆಲದ ಗುಣವೋ?
— ತೋಟ ಮಾಡುವ ಓದುಗರು

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಉತ್ತರದ ಒಂದು ತುಂಡು ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಎರಡು ಒಣ ಹಾಳೆಗಳಲ್ಲಿ.

ಹಿಮಾಲಯದ ಕಡೆ ಒಂದು ಕರ್ಣಕುಂಡಲದ ಜಾತಿ ಇದೆ. ಎತ್ತರ ಬೆಳೆಯುತ್ತದೆ, ಗುಲಾಬಿ ಬಣ್ಣದ ಹೂ. 1839ರಲ್ಲಿ ಇದನ್ನು ಅಲಂಕಾರಕ್ಕೆಂದು ಇಂಗ್ಲೆಂಡಿಗೆ ಒಯ್ದರು. ಈಗ ಅಲ್ಲಿನ ಹೊಳೆದಂಡೆಗಳಲ್ಲಿ ಅದರದೇ ದರ್ಬಾರು. ಒಮ್ಮೆ ಇದರ ಎರಡು ಹರ್ಬೇರಿಯಂ ಹಾಳೆ, ಅಂದರೆ ಗಿಡವನ್ನು ಒತ್ತಿ ಒಣಗಿಸಿ ಅಂಟಿಸಿಟ್ಟ ಹಾಳೆ, ನನ್ನ ಮೇಜಿನ ಮೇಲೆ ಅಕ್ಕಪಕ್ಕ ಬಂದವು. ಒಂದು ಹಿಮಾಲಯದ್ದು, ಇನ್ನೊಂದು ಬ್ರಿಟನ್ನಿನದು. ಹಿಮಾಲಯದ ಎಲೆ ಜರಡಿಯಾಗಿತ್ತು. ಅಂಚೆಲ್ಲ ಹುಳು ಕಚ್ಚಿದ ಗುರುತು. ಲೆನ್ಸ್ ಹಿಡಿದು ನೋಡಿದರೆ ಬೆನ್ನ ಮೇಲೆ ಕಂದು ಬಣ್ಣದ ತುಕ್ಕಿನ ಚುಕ್ಕೆ. ಅದು ತುಕ್ಕುರೋಗದ ಶಿಲೀಂಧ್ರ. ಬ್ರಿಟನ್ನಿನ ಎಲೆ? ಈಗ ತಾನೇ ಇಸ್ತ್ರಿ ಮಾಡಿಟ್ಟ ಅಂಗಿಯ ಹಾಗಿತ್ತು. ಒಂದು ತೂತಿಲ್ಲ.

ಗಿಡ ಅದೇ. ಬೀಜವಾಗಿ ಹೊಸ ನೆಲಕ್ಕೆ ಹೊರಟಾಗ ಅದನ್ನು ತಿನ್ನುವವರು, ಕೊರೆಯುವವರು, ಕಾಯಿಲೆ ಹಚ್ಚುವವರು ಜೊತೆಗೆ ಬರಲಿಲ್ಲ, ಅಷ್ಟೇ. ತವರಿನಲ್ಲಿ ಅವರಿಗೆಲ್ಲ ತೆರಿಗೆ ಕಟ್ಟಿ ಉಳಿದದ್ದರಲ್ಲಿ ಬದುಕುತ್ತಿದ್ದ ಗಿಡ, ಇಲ್ಲಿ ಗಳಿಸಿದ್ದನ್ನೆಲ್ಲ ಬೆಳವಣಿಗೆಗೆ ಮತ್ತು ಬೀಜಕ್ಕೆ ಹಾಕಬಹುದು. ಇದು ಬರೀ ನನ್ನ ಎರಡು ಹಾಳೆಯ ಮಾತಲ್ಲ. ಯುರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ 473 ಸಸ್ಯ ಜಾತಿಗಳನ್ನು ಲೆಕ್ಕಕ್ಕೆ ಹಿಡಿದ ಅಧ್ಯಯನವೊಂದು 2003ರಲ್ಲಿ ಬಂತು. ಹೊಸ ನೆಲದಲ್ಲಿ ಅವುಗಳಿಗೆ ತಗಲುವ ಶಿಲೀಂಧ್ರಗಳು ಸರಾಸರಿ 84 ಶೇಕಡಾ ಕಡಿಮೆ, ವೈರಸ್‌ಗಳು 24 ಶೇಕಡಾ ಕಡಿಮೆ.

ಇದನ್ನು ತಿರುವಿಯೂ ಪರೀಕ್ಷಿಸಬಹುದು. ಹಿಂದೆ ಬಿಟ್ಟು ಬಂದ ಶತ್ರುವನ್ನು ಕರೆತಂದರೆ ಏನಾಗುತ್ತದೆ? ಆಸ್ಟ್ರೇಲಿಯಾದ ಪಾಪಸ್‌ಕಳ್ಳಿಯನ್ನು ನೋಡಿ. 1788ರಲ್ಲಿ ಅಲ್ಲಿಗೆ ಹೋದ ಮೊದಲ ಬ್ರಿಟಿಷ್ ಹಡಗುಗಳೇ ಬ್ರೆಜಿಲ್‌ನಿಂದ ಕಳ್ಳಿ ಒಯ್ದವು. ಕಳ್ಳಿ ಮೇಲೆ ಬದುಕುವ, ಕೆಂಪು ಬಣ್ಣ ಕೊಡುವ ಹುಳು ಸಾಕುವ ಆಸೆ. ಆಮೇಲೆ ಬೇರೆ ಜಾತಿಯ ಕಳ್ಳಿಗಳೂ ಬಂದವು, ಬೇಲಿಗೆ, ಕುಂಡಕ್ಕೆ ಅಂತ. 1920ರ ದಶಕದ ಹೊತ್ತಿಗೆ ಸುಮಾರು 2.4 ಕೋಟಿ ಹೆಕ್ಟೇರ್ ನೆಲ ಕಳ್ಳಿಪಾಲು. ರೈತರು ಕಡಿದರು, ಸುಟ್ಟರು, ವಿಷ ಹಾಕಿದರು. ಕಡಿದ ತುಂಡೇ ಬೇರು ಬಿಡುವ ಗಿಡದ ಮುಂದೆ ಕೊಡಲಿ ಏನು ಮಾಡೀತು? ಕೊನೆಗೆ ಮನೆಗಳನ್ನೇ ಬಿಟ್ಟು ಹೋದರು.

1926ರಲ್ಲಿ ಅರ್ಜೆಂಟೀನಾ ಮೂಲದ ಒಂದು ಪುಟ್ಟ ಬೂದು ಪತಂಗವನ್ನು ಬಿಟ್ಟರು. ಹೆಸರು ಕ್ಯಾಕ್ಟೋಬ್ಲಾಸ್ಟಿಸ್. ಅದು ಮೊಟ್ಟೆ ಇಡುವ ರೀತಿ ನೋಡಬೇಕು. ಒಂದರ ಮೇಲೊಂದು ನಾಣ್ಯ ಪೇರಿಸಿದ ಹಾಗೆ ಮೊಟ್ಟೆಗಳನ್ನು ಜೋಡಿಸುತ್ತದೆ. ಕಡೆಗೆ ಅದು ಕಳ್ಳಿಯ ಇನ್ನೊಂದು ಮುಳ್ಳೇ ಇರಬೇಕು ಅನ್ನಿಸುವ ಕಡ್ಡಿಯಾಗುತ್ತದೆ. ಒಡೆದು ಬಂದ ಮರಿಹುಳುಗಳೆಲ್ಲ ಸೇರಿ ದಪ್ಪ ಹಾಳೆಯನ್ನು ಕೊರೆದು ಒಳಗೆ ನುಗ್ಗುತ್ತವೆ. ಹೊರಗಿನಿಂದ ಹಸಿರು, ಒಳಗೆ ಪೊಳ್ಳು. ಆಮೇಲೆ ಕೊಳೆತು ಕುಸಿಯುತ್ತದೆ. ಏಳೆಂಟು ವರ್ಷದೊಳಗೆ ಕಳ್ಳಿಕಾಡಿನ ಬಹುಭಾಗ ಮಲಗಿತು. ಕ್ವೀನ್ಸ್‌ಲ್ಯಾಂಡಿನ ಬೂನಾರ್ಗಾದಲ್ಲಿ ಜನ ಒಂದು ಸಭಾಭವನ ಕಟ್ಟಿ ಅದಕ್ಕೆ ಈ ಪತಂಗದ ಹೆಸರಿಟ್ಟರು. ಹುಳುವಿಗೆ ಸ್ಮಾರಕ!

ಈ ಕಥೆ ಕೇಳಿ ‘ಹಾಗಾದರೆ ಎಲ್ಲದಕ್ಕೂ ಒಂದೊಂದು ಹುಳು ತಂದು ಬಿಟ್ಟರಾಯಿತು’ ಅನ್ನಬೇಡಿ. ಅದೇ ಪತಂಗ ಕೆರಿಬಿಯನ್ ದ್ವೀಪಗಳ ದಾರಿಯಾಗಿ 1989ರಲ್ಲಿ ಫ್ಲಾರಿಡಾಕ್ಕೆ ಬಂತು. ಅಲ್ಲಿ ಕಳ್ಳಿ ಅಲ್ಲಿಯದೇ ಗಿಡ. ಒಂದು ಕಡೆ ಸ್ಮಾರಕ, ಇನ್ನೊಂದು ಕಡೆ ತಲೆನೋವು.

ಪ್ರಶ್ನೆ: ನಮ್ಮ ಅಂಗಳದ ಒಂದು ಅಲಂಕಾರದ ಮರ ಇಪ್ಪತ್ತು ವರ್ಷ ತಾನಾಯಿತು ತನ್ನ ಕೆಲಸವಾಯಿತು ಅಂತಿತ್ತು. ಈಗ ಎರಡು ವರ್ಷದಿಂದ ಎಲ್ಲಿ ನೋಡಿದರೂ ಅದರ ಸಸಿಗಳು. ಇದ್ದಕ್ಕಿದ್ದಂತೆ ಏನಾಯಿತು?
— ನಿವೃತ್ತ ಶಿಕ್ಷಕರು

ಮರದ ಹೆಸರು ಬರೆದಿಲ್ಲ ಸಾರ್. ಎಲೆ, ಕಾಯಿಯ ಫೋಟೋ ಕಳಿಸಿ. ಅಲ್ಲಿಯವರೆಗೆ ಇಷ್ಟು ಹೇಳಬಲ್ಲೆ: ಗಿಡ ಸುಮ್ಮನಿದೆ ಅಂದರೆ ಸಾಧು ಅಂತಲ್ಲ. ಏನೋ ಒಂದಕ್ಕೆ ಕಾಯುತ್ತಿರಬಹುದು.

ಜರ್ಮನಿಯ ಬ್ರಾಂಡೆನ್‌ಬರ್ಗ್ ಸೀಮೆಗೆ ಹೊರಗಿನಿಂದ ತಂದು ನೆಟ್ಟ ಮರ-ಪೊದೆಗಳ ದಾಖಲೆಯನ್ನು ಇಂಗೋ ಕೊವಾರಿಕ್ ಎಂಬ ವಿಜ್ಞಾನಿ ಕೂತು ಜಾಲಾಡಿದರು. ಮೊದಲ ಸಲ ನೆಟ್ಟ ವರ್ಷಕ್ಕೂ ತಾನಾಗಿ ಹಬ್ಬತೊಡಗಿದ ವರ್ಷಕ್ಕೂ ನಡುವೆ ಸರಾಸರಿ 147 ವರ್ಷ! ನೆಟ್ಟವನ ಮೊಮ್ಮಗನ ಮೊಮ್ಮಗ ಬಂದು ಕಳೆ ಕೀಳಬೇಕು. ನಿಮ್ಮ ಮರ ಇಪ್ಪತ್ತೇ ವರ್ಷಕ್ಕೆ ಶುರು ಮಾಡಿದೆ ಅಂದರೆ ಸ್ವಲ್ಪ ಅವಸರದ್ದೇ.

ಕಾಯುವುದು ಯಾವುದಕ್ಕೆ? ಕೆಲವಕ್ಕೆ ಜೊತೆಗಾರ ಬೇಕು. ದಕ್ಷಿಣಾರ್ಧಗೋಳದ ಹಲವು ಕಡೆ ಪೈನ್ ಸಸಿ ನೆಟ್ಟಾಗ ಅವು ಹಳದಿಯಾಗಿ, ಕುಂಟುತ್ತಾ ನಿಂತವು. ಪೈನ್ ಬೇರಿಗೆ ಅಂಟಿಕೊಂಡು ನೀರು-ಗೊಬ್ಬರ ಎಳೆದು ಕೊಡುವ ಶಿಲೀಂಧ್ರ ಆ ಮಣ್ಣಿನಲ್ಲಿ ಇರಲಿಲ್ಲ. ಹಳೆಯ ಪೈನ್ ತೋಪಿನ ಮಣ್ಣು ತಂದು ಬುಡಕ್ಕೆ ಹಾಕಿದ ಮೇಲೆ ಚೇತರಿಸಿಕೊಂಡವು. ಆಮೇಲೆ ಎಷ್ಟೋ ಕಡೆ ತೋಪು ಬಿಟ್ಟು ಗುಡ್ಡ ಹತ್ತಿದವು. ಆಲದ ಬಳಗದ ಮರಗಳದ್ದು ಇನ್ನೂ ವಿಚಿತ್ರ. ಒಂದೊಂದು ಜಾತಿಗೂ ಅದರದೇ ಆದ ಪುಟ್ಟ ಕಣಜ ಬೇಕು, ಇಲ್ಲದಿದ್ದರೆ ಬೀಜವೇ ಇಲ್ಲ. ಈ ಬಳಗದ ಒಂದು ಏಷ್ಯಾದ ಮರವನ್ನು ಫ್ಲಾರಿಡಾದಲ್ಲಿ ನೆರಳಿಗೆಂದು ದಶಕಗಳ ಕಾಲ ನೆಟ್ಟರು. ಬೀಜ ಕಟ್ಟದ ಮರ, ಏನೂ ಭಯವಿಲ್ಲ ಅಂದುಕೊಂಡರು. ಒಂದು ದಿನ ಕಣಜ ತಾನೇ ಬಂದು ತಲುಪಿತು. ಗೋಡೆ ಸಂದು, ಸೇತುವೆ ಬಿರುಕು, ಬೇರೆ ಮರದ ಕವಲು, ಎಲ್ಲ ಕಡೆ ಸಸಿ.

ಇನ್ನು ಕೆಲವು ಸರಿಯಾದ ಜಾಗಕ್ಕೆ ಕಾಯುತ್ತವೆ. ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಆಕ್ಸ್‌ಫರ್ಡ್ ರ‍್ಯಾಗ್‌ವರ್ಟ್. ಹಳದಿ ಹೂವಿನ ಸಣ್ಣ ಗಿಡ, ಮೂಲ ಸಿಸಿಲಿಯ ಎಟ್ನಾ ಜ್ವಾಲಾಮುಖಿ. ಆಕ್ಸ್‌ಫರ್ಡಿನ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಜಾರಿ ಊರಿನ ಹಳೆ ಕಲ್ಲುಗೋಡೆಗಳ ಮೇಲೆ ಕೂತಿತು. ಅಷ್ಟೇ, ಮುಂದೆ ಹೋಗಲಿಲ್ಲ. 1844ರಲ್ಲಿ ಊರಿಗೆ ರೈಲು ಬಂತು. ಹಳಿಯ ಕೆಳಗೆ ಸುರಿದ ಜಲ್ಲಿ, ಇಂಜಿನ್ನಿನ ಸುಟ್ಟ ಕಿಟ್ಟ. ಒಣ, ಬಿಸಿ, ಮಣ್ಣಿಲ್ಲದ ಕಲ್ಲು. ಗಿಡದ ಮಟ್ಟಿಗೆ ಅದು ಎಟ್ನಾದ ಬೂದಿ ಇಳಿಜಾರೇ! ಬೀಜಕ್ಕೆ ಹತ್ತಿಯಂಥ ರೆಕ್ಕೆ ಬೇರೆ. ರೈಲು ಓಡಿದ ಹಾಗೆ ಎದ್ದ ಗಾಳಿಗೆ ಬೀಜವೂ ಹಿಂದೆಯೇ ಓಡಿತು. ಮೊದಲ ಉತ್ತರದಲ್ಲಿ ಬಂದ ಡ್ರೂಸ್ ಅವರೇ ಒಮ್ಮೆ ರೈಲಿನಲ್ಲಿ ಕೂತಿದ್ದಾಗ ಈ ಬೀಜ ಡಬ್ಬಿಯೊಳಗೆ ತೇಲಿ ಬಂದು, ಮುಂದಿನ ಯಾವುದೋ ನಿಲ್ದಾಣದ ಹತ್ತಿರ ಹೊರಗೆ ಹೋದದ್ದನ್ನು ಕಂಡು ಬರೆದಿಟ್ಟಿದ್ದಾರೆ. ಟಿಕೆಟ್ ಇಲ್ಲದ ಪ್ರಯಾಣ. ಗಿಡ ಬದಲಾಗಲಿಲ್ಲ, ಬೀಜ ಬದಲಾಗಲಿಲ್ಲ. ನಾವು ಅದಕ್ಕೆ ಬೇಕಾದಂಥ ದಾರಿ ಹಾಸಿಕೊಟ್ಟೆವು.

ಹಾಗಾಗಿ ಸಾರ್, ನಿಮ್ಮ ಅಂಗಳದ ಸುತ್ತ ಈ ಎರಡು-ಮೂರು ವರ್ಷದಲ್ಲಿ ಏನು ಬದಲಾಯಿತು ನೋಡಿ. ಪಕ್ಕದಲ್ಲಿ ಇನ್ನೊಂದು ಅಂಥದೇ ಮರ ಹೂ ಬಿಡಲು ಶುರು ಮಾಡಿತೇ? ಹಣ್ಣು ತಿನ್ನುವ ಹೊಸ ಹಕ್ಕಿ ಬಂತೇ? ಯಾರಾದರೂ ಖಾಲಿ ಜಾಗ ಅಗೆದು ಮಣ್ಣು ಮೇಲೆ ಮಾಡಿದರೇ?

ಪ್ರಶ್ನೆ: ಒಂದೇ ಒಂದು ಗಿಡದಿಂದ ಇಡೀ ದೇಶ ತುಂಬುವುದು ಸಾಧ್ಯವಾ?
— ಹೈಸ್ಕೂಲ್ ಹುಡುಗ

ಸಾಧ್ಯ ಮರಿ. ಜಪಾನೀಸ್ ನಾಟ್‌ವೀಡ್ ಅಂತ ಒಂದಿದೆ. ಜಪಾನಿನಿಂದ ಯುರೋಪಿಗೆ ತಂದವರು ಸೀಬೋಲ್ಡ್ ಎಂಬ ವೈದ್ಯರು. 1847ರಲ್ಲಿ ಹಾಲೆಂಡಿನಲ್ಲಿ ಇದಕ್ಕೆ ಅತ್ಯಂತ ಸ್ವಾರಸ್ಯದ ಹೊಸ ಗಿಡ ಅಂತ ಚಿನ್ನದ ಪದಕ ಸಿಕ್ಕಿತು. 1850ರಲ್ಲಿ ಲಂಡನ್ನಿನ ಕ್ಯೂ ತೋಟಕ್ಕೆ ಹೋಯಿತು. ಈಗ ಬ್ರಿಟನ್ ತುಂಬ ಇರುವ ಈ ಗಿಡಗಳ ಡಿಎನ್ಎ ನೋಡಿದರೆ ಎಲ್ಲವೂ ಒಂದೇ ಹೆಣ್ಣು ಗಿಡದ ತುಂಡುಗಳು. ಬೀಜದ ಗೊಡವೆಯೇ ಇಲ್ಲ. ಮುಕ್ಕಾಲು ಗ್ರಾಮಿಗೂ ಕಡಿಮೆ ತೂಕದ ಬೇರುಗಡ್ಡೆ ಚೂರು ಸಾಕು, ಚಿಗುರುತ್ತದೆ. ಒಂದು ಕಡೆ ಅಗೆದ ಮಣ್ಣನ್ನು ಇನ್ನೊಂದು ಕಡೆ ಸುರಿದಾಗೆಲ್ಲ ಗಿಡವೂ ಹೋಯಿತು.

ನನ್ನ ಹತ್ತಿರವೂ ಇಂಥ ಒಂದು ಕಥೆ ಇದೆ, ಹೇಳಲು ನಾಚಿಕೆ. ಕೆಲಸಕ್ಕೆ ಸೇರಿದ ಹೊಸತು. ಮಕ್ಕಳಿಗೆ ತೋರಿಸಲು ಅಂತ ವಾಟರ್ ಹಯಸಿಂತ್ ತಂದು ತೊಟ್ಟಿಯಲ್ಲಿ ಬಿಟ್ಟಿದ್ದೆ. ಎಲೆತೊಟ್ಟಿನ ಉಬ್ಬಿದ ಭಾಗ ಕತ್ತರಿಸಿದರೆ ಒಳಗೆ ಸ್ಪಂಜು, ಗಾಳಿ ತುಂಬಿದ ಕೋಣೆಗಳು. ಮಕ್ಕಳಿಗೆ ಖುಷಿ. ವರ್ಷದ ಕೊನೆಗೆ ತೊಟ್ಟಿ ತೊಳೆಯಬೇಕಿತ್ತು. ಉಳಿದ ನಾಲ್ಕು ಗಿಡ ಎಸೆಯಲು ಮನಸ್ಸಾಗದೆ ಕಟ್ಟಡದ ಹಿಂದಿನ ಹೊಂಡಕ್ಕೆ ಹಾಕಿದೆ. ಆ ಹೊಂಡಕ್ಕೆ ಬಚ್ಚಲ ನೀರು ಸೇರುತ್ತಿತ್ತು, ಅಂದರೆ ಗಿಡಕ್ಕೆ ಪುಕ್ಕಟೆ ಗೊಬ್ಬರ. ಬೆಚ್ಚಗಿನ, ಗೊಬ್ಬರದ ನೀರಿನಲ್ಲಿ ಈ ಗಿಡ ಒಂದೆರಡು ವಾರಕ್ಕೆ ಎರಡು ಪಟ್ಟಾಗಬಲ್ಲದು. ಎರಡು ವಾರ ಅಂತಲೇ ಹಿಡಿಯೋಣ. ನಾಲ್ಕು ಗಿಡ ಆರು ತಿಂಗಳಲ್ಲಿ ಹದಿಮೂರು ಸಲ ದುಪ್ಪಟ್ಟಾದರೆ ಎಷ್ಟು? 32,768. ಹೊಂಡದಲ್ಲಿ ಅಷ್ಟಕ್ಕೆ ಜಾಗವೇ ಇರಲಿಲ್ಲ. ಮುಂದಿನ ವರ್ಷದ ತರಗತಿಯ ಜೊತೆ ನಾನೂ ಮೊಣಕಾಲುದ್ದ ಕೆಸರಲ್ಲಿ ನಿಂತು ಮೂರು ದಿನ ಎಳೆದು ಹಾಕಿದೆ. ಅವರಿಗೆ ಮಾತ್ರ ಯಾರು ಹಾಕಿದ್ದು ಅಂತ ಹೇಳಲಿಲ್ಲ. ಇವತ್ತು ಓದುತ್ತಿದ್ದರೆ, ಕ್ಷಮಿಸಿ ಮಕ್ಕಳೇ.

ಪ್ರಶ್ನೆ: ದಾರಿ ಬದಿ, ಪಾಳು ಜಾಗಗಳಲ್ಲಿ ಮಾತ್ರ ಇವು ಜಾಸ್ತಿ. ದಟ್ಟ ಕಾಡಿನೊಳಗೆ ಕಡಿಮೆ. ಯಾಕೆ?
— ಚಾರಣಪ್ರಿಯ ಓದುಗರು

ಕಾಂಗ್ರೆಸ್ ಗಿಡವನ್ನೇ ತೆಗೆದುಕೊಳ್ಳಿ. ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆದರೆ ಪುಡಿ ಬೀಜ, ಒಳಗೆ ಬುತ್ತಿ ಕಡಿಮೆ. ಮೊಳೆತ ಕೂಡಲೇ ಬಿಸಿಲು ಬೇಕು. ಅಗೆದ, ಮೇಯ್ದು ಬೋಳಾದ, ಸುಟ್ಟ ನೆಲದಲ್ಲಿ ಬಿಸಿಲೂ ಉಂಟು, ಪಕ್ಕದಲ್ಲಿ ಪೈಪೋಟಿಗೆ ಯಾರೂ ಇಲ್ಲ. ದಟ್ಟ ನೆರಳಿನಲ್ಲಿ ಅದರ ಆಟ ನಡೆಯದು.

ಇದಕ್ಕೆ ಅಪವಾದಗಳೂ ಇವೆ, ಅವೇ ನಿಜಕ್ಕೂ ಹೆದರಿಸುವಂಥವು. 1937ರಲ್ಲಿ ತಾಹಿತಿ ದ್ವೀಪದ ತೋಟಕ್ಕೆ ಮಿಕೋನಿಯಾ ಎಂಬ ಮರ ತಂದರು. ಎಲೆ ಮೊಳಕ್ಕಿಂತ ಉದ್ದ, ಅಡಿಭಾಗ ನೇರಳೆ, ನೋಡಲು ಬಹಳ ಚೆಂದ. ಇದರ ಸಸಿ ನೆರಳಿನಲ್ಲೂ ತಾಳ್ಮೆಯಿಂದ ಕೂರುತ್ತದೆ. ಹಕ್ಕಿ ಹಣ್ಣು ತಿಂದು ಕಾಡಿನೊಳಕ್ಕೆ ಬೀಜ ಹಾಕುತ್ತದೆ. ಬಿರುಗಾಳಿಗೆ ದೊಡ್ಡ ಮರ ಬಿದ್ದರೆ ಆ ಕಿಂಡಿಯಲ್ಲಿ ಮೇಲೇಳುತ್ತದೆ. ಈಗ ದ್ವೀಪದ ಮೂರರಲ್ಲಿ ಎರಡು ಭಾಗದಷ್ಟು ನೆಲದಲ್ಲಿ ಅದಿದೆ. ಇನ್ನು ಕೆಲವು ತಮಗೆ ಬೇಕಾದ ಬಯಲನ್ನು ತಾವೇ ಮಾಡಿಕೊಳ್ಳುತ್ತವೆ. ಪಶ್ಚಿಮ ಅಮೆರಿಕದ ಚೀಟ್‌ಗ್ರಾಸ್ ಎಂಬ ಹುಲ್ಲು ಬೇಸಿಗೆಗೆ ಮೊದಲೇ ಒಣಗಿ ಗರಿಗರಿಯಾಗುತ್ತದೆ. ಕಿಡಿ ಬಿದ್ದರೆ ಪೊದೆಗಳೆಲ್ಲ ಸುಟ್ಟು ಹೋಗುತ್ತವೆ, ಮತ್ತೆ ಮೊದಲು ಏಳುವುದು ಇದೇ ಹುಲ್ಲು. ಐಡಾಹೋದ ಸ್ನೇಕ್ ನದಿ ಬಯಲಿನಲ್ಲಿ ಅರುವತ್ತು, ನೂರು ವರ್ಷಕ್ಕೊಮ್ಮೆ ಬೀಳುತ್ತಿದ್ದ ಬೆಂಕಿ, ಈ ಹುಲ್ಲು ಬಂದ ಮೇಲೆ ಐದು ವರ್ಷದೊಳಗೇ ಬೀಳತೊಡಗಿತು.

ಪ್ರಶ್ನೆ: ಬೀಜ ಹರಡುವುದು ಗಾಳಿ, ನೀರು, ಹಕ್ಕಿ ಅಂತ ಪಾಠದಲ್ಲಿ ಓದಿದ್ದೇವೆ. ಹಾಗಾದರೆ ಮನುಷ್ಯರನ್ನು ಯಾಕೆ ದೂರುತ್ತೀರಿ?
— ಸ್ವಲ್ಪ ಸಿಟ್ಟಿನ ಪತ್ರ, ಹೆಸರಿಲ್ಲ

ದೂರುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ಹಕ್ಕಿ ಬೀಜವನ್ನು ಈ ಗುಡ್ಡದಿಂದ ಆ ಗುಡ್ಡಕ್ಕೆ ಒಯ್ಯುತ್ತದೆ. ಸಾಗರ ದಾಟಿಸುವುದು, ಅದೂ ಮತ್ತೆ ಮತ್ತೆ ದಾಟಿಸುವುದು, ಹೆಚ್ಚಾಗಿ ನಾವು. ಒಮ್ಮೆ ಹತ್ತು ಬೀಜ ಬಂದರೆ ಒಂದು ಕೆಟ್ಟ ಮಳೆಗಾಲಕ್ಕೆ ಎಲ್ಲ ಮುಗಿಯಬಹುದು. ನೂರು ಕಡೆ, ನೂರು ಸಲ ಬಂದರೆ ಎಲ್ಲೋ ಒಂದು ಕಡೆ ಕಾಲ ಕೂಡಿ ಬರುತ್ತದೆ. ಯಾವ ಗಿಡ ಹಬ್ಬುತ್ತದೆ ಅಂತ ಊಹಿಸಲು ಗಿಡದ ಗುಣಕ್ಕಿಂತ ಈ ಸಂಖ್ಯೆಯೇ ಎಷ್ಟೋ ಸಲ ಹೆಚ್ಚು ಕೆಲಸಕ್ಕೆ ಬರುತ್ತದೆ ಅಂತ ನನ್ನ ಅನಿಸಿಕೆ.

ಅಮೆರಿಕದ ಕುಡ್ಜು ಬಳ್ಳಿ ನೋಡಿ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಜಪಾನಿನ ಕಡೆಯಿಂದ ಬಂದ ನೆರಳಿನ ಬಳ್ಳಿ. ಅಲ್ಲಿಗೇ ಬಿಟ್ಟಿದ್ದರೆ ಹಲವು ಮನೆಗಳ ಜಗುಲಿ ಮೇಲೆ ಇರುತ್ತಿತ್ತೇನೋ. 1930ರ ದಶಕದಲ್ಲಿ ಮಣ್ಣು ಕೊಚ್ಚಿ ಹೋಗುವುದನ್ನು ತಡೆಯಲು ಅಲ್ಲಿನ ಸರ್ಕಾರವೇ ಇದನ್ನು ಹಂಚಲು ಶುರು ಮಾಡಿತು. ಸುಮಾರು 8.5 ಕೋಟಿ ಸಸಿ! ನೆಟ್ಟವರಿಗೆ ಎಕರೆಗೆ 8 ಡಾಲರ್‌ವರೆಗೆ ದುಡ್ಡೂ ಕೊಟ್ಟರು. 1953ರಲ್ಲಿ ಶಿಫಾರಸು ಪಟ್ಟಿಯಿಂದ ತೆಗೆದರು. ಅಷ್ಟರಲ್ಲಿ ಬಳ್ಳಿ ತಂತಿಕಂಬ ಹತ್ತಿ ಆಗಿತ್ತು. ಇಲ್ಲಿ ಗಾಳಿಯದೇನು ತಪ್ಪು, ಹಕ್ಕಿಯದೇನು ತಪ್ಪು?

ಬೇಕಂತಲೇ ಒಯ್ಯದಿದ್ದರೂ ಒಯ್ಯುತ್ತೇವೆ. 2007-08ರ ಬೇಸಿಗೆಯಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದವರ ಬಟ್ಟೆ, ಬೂಟು, ಚೀಲಗಳನ್ನು ವಿಜ್ಞಾನಿಗಳು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಹೀರಿದರು. ಬೀಜ ಹೊತ್ತು ತಂದವರ ಮೈಮೇಲೆ ಸರಾಸರಿ ತಲಾ 9.5 ಬೀಜ. ಹಿಮದ ಖಂಡಕ್ಕೇ ಇಷ್ಟು.

ನಂಬಿಕೆ ಬಾರದಿದ್ದರೆ ನೀವೇ ಮಾಡಿ ನೋಡಿ. ಹೋದ ತಿಂಗಳು ಒಂದು ಪಾಳು ಹೊಲದಲ್ಲಿ ಅರ್ಧ ಗಂಟೆ ನಡೆದು ಬಂದೆ. ಕಾಲುಚೀಲ ಬಿಚ್ಚಿ, ಬಿಳಿ ಹಾಳೆ ಹಾಸಿ, ಚಿಮಟದಿಂದ ಒಂದೊಂದೇ ಕಿತ್ತೆ. ಕೊಕ್ಕೆ ಇದ್ದವು, ಬಾಣದಂತೆ ಚುಚ್ಚಿದವು, ಸುಮ್ಮನೆ ಅಂಟಿಕೊಂಡವು, ಎಲ್ಲ ಸೇರಿ 41. ಬೂಟಿನ ಅಡಿಯ ಮಣ್ಣನ್ನೂ ಕೆರೆದು ಒಂದು ತಟ್ಟೆಯಲ್ಲಿ ಹಾಕಿ ನೀರು ಚಿಮುಕಿಸಿದೆ. ಹನ್ನೊಂದು ಮೊಳಕೆ ಬಂದವು. ಹತ್ತನ್ನು ಗುರುತಿಸಿದೆ, ಅದರಲ್ಲಿ ಆರು ಬೇರೆ ಖಂಡದವು. ಹನ್ನೊಂದನೆಯದಕ್ಕೆ ನಾಲ್ಕು ಎಲೆ ಬಂದಿವೆ, ಎಲೆಯಂಚು ಗರಗಸದ ಹಾಗಿದೆ, ಇನ್ನೂ ಯಾರೆಂದು ಗೊತ್ತಾಗಿಲ್ಲ. ಹೂ ಬಿಡಲಿ, ಹೇಳುತ್ತೇನೆ. ಬೀಜ ಕಟ್ಟಲು ಮಾತ್ರ ಬಿಡುವುದಿಲ್ಲ. ಆ ಹೊಂಡದ ಕೆಸರು ಇನ್ನೂ ಮರೆತಿಲ್ಲ.